ರೈತರ ಸಂತೆಯಲ್ಲಿ ಆಹಾರತಜ್ಞರ ಮೇಜು: ಗ್ರಾಹಕರಿಗೆ ಯಾರು ಏನು ಹೇಳಬೇಕು? (ತುಮಕೂರು)

ಸಂತೆ ಉಸ್ತುವಾರಿ, ತುಮಕೂರು

ಬೆಳೆದವರೇ ತಂದು ಮಾರುವ ಭಾನುವಾರದ ಸಂತೆಯಲ್ಲಿ ಆಹಾರತಜ್ಞರಿಗೂ ಒಂದು ಮೇಜು ಹಾಕೋಣ ಅಂತ ಮಾತಾಗಿದೆ. ಬರುವ ಮಾಲು ರಾಗಿ, ರಾಗಿ ಹಿಟ್ಟು, ಹುರಿಹಿಟ್ಟು, ಸಾಮೆ, ನವಣೆ, ಹುರುಳಿ, ಕಡಲೆಕಾಯಿ, ಗಾಣದ ಎಣ್ಣೆ, ಸೊಪ್ಪು, ಟೊಮೆಟೊ. ಕೊಳ್ಳೋರು ಕೇಳೋದು ಹೆಚ್ಚುಕಮ್ಮಿ ಇಷ್ಟೇ: ಶುಗರ್ ಇದ್ದೋರು ರಾಗಿ ಎಷ್ಟು ತಿನ್ನಬಹುದು? ಇದು ಪಾಲಿಶ್ ಮಾಡಿದ್ದಾ? ಔಷಧಿ ಹೊಡೆದಿದ್ದೀರಾ? ಮಗುವಿಗೆ ಯಾವಾಗಿನಿಂದ ಕೊಡಬಹುದು? ಇದರಲ್ಲಿ ಯಾವುದಕ್ಕೆ ರೈತರು ಉತ್ತರ ಕೊಡಬೇಕು, ಯಾವುದನ್ನು ಆಹಾರತಜ್ಞರ ಮೇಜಿಗೆ ಕಳಿಸಬೇಕು? ಬೋರ್ಡಲ್ಲಿ ಏನು ಬರೆಸಬೇಕು? ಗೊತ್ತಿರುವವರು ಅಳತೆ ಸಮೇತ ಬರೆಯಿರಿ.

ಆಹಾರತಜ್ಞೆ, ತುಮಕೂರು

ಹೊಲದಿಂದ ಚೀಲದವರೆಗೆ ನಡೆದದ್ದನ್ನು ರೈತರು ಹೇಳಲಿ: ಯಾವ ತಳಿ, ಯಾವಾಗ ಕುಯ್ಲಾಯಿತು, ಹೇಗೆ ಒಣಗಿಸಿದ್ದು, ಯಾವತ್ತು ಬೀಸಿಸಿದ್ದು, ಕೊನೆಯ ಸಲ ಔಷಧಿ ಹೊಡೆದದ್ದು ಯಾವಾಗ. ಇವು ನಮಗೆ ಗೊತ್ತಾಗುವ ಸಂಗತಿಗಳಲ್ಲ. ಯಾರಿಗೆ, ಎಷ್ಟು, ಯಾವುದರ ಜೊತೆ ಅನ್ನೋದು ನಮ್ಮ ಪಾಲು. "ಇದನ್ನು ತಿಂದರೆ ಶುಗರ್ ಹೋಗುತ್ತೆ" ಅನ್ನೋ ಮಾತು ಎರಡೂ ಕಡೆಯಿಂದ ಬರಬಾರದು.

ರಾಗಿಯ ಬಗ್ಗೆ ಹೇಳುವಾಗ ಲೆಕ್ಕ ಸರಿಯಿರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ, ನಾರು 11 ಗ್ರಾಂ, ಪ್ರೋಟೀನ್ 7 ಗ್ರಾಂ, ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಕ್ಯಾಲ್ಸಿಯಂ 8 ಮಿಲಿಗ್ರಾಂ ಕೂಡ ಇಲ್ಲ, ನಾರು 3 ಗ್ರಾಂ ಒಳಗೆ, ಕಾರ್ಬೋಹೈಡ್ರೇಟ್ 78 ಗ್ರಾಂ. ಅಂದರೆ ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ ಮತ್ತು ನಾರಿನಲ್ಲಿ. ಪ್ರೋಟೀನಿನಲ್ಲಿ ರಾಗಿ ಅಕ್ಕಿಗಿಂತ ಮೇಲಲ್ಲ, ಕಾರ್ಬೋಹೈಡ್ರೇಟ್ ಸ್ವಲ್ಪ ಕಡಿಮೆ, ಅಷ್ಟೇ. "ರಾಗಿಯಲ್ಲಿ ಸಕ್ಕರೆಯೇ ಇಲ್ಲ" ಅಂತ ನಂಬಿ ಬರುವವರಿಗೆ ಇದನ್ನು ಮೊದಲು ಹೇಳಬೇಕು.

ರಾಗಿ ಹೊಲ, ಚಿಕ್ಕನಾಯಕನಹಳ್ಳಿ

ಮೇಡಂ ಹೇಳಿದ ಕ್ಯಾಲ್ಸಿಯಂ ಇಡೀ ಕಾಳಿನದು. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಇರೋದೇ ಮೇಲಿನ ಕೆಂಪು ಸಿಪ್ಪೆಯಲ್ಲಿ. ಮುದ್ದೆ ನುಣ್ಣಗೆ, ಬೆಳ್ಳಗೆ ಬರಲಿ ಅಂತ ಸಣ್ಣ ಜರಡಿ ಹಿಡಿದು ತೌಡು ಎಸೆದರೆ ಯಾವ ಗುಣಕ್ಕೆ ರಾಗಿ ತಗೊಂಡರೋ ಅದೇ ಹೋಯ್ತು. ಕಡ್ಡಿ ಕಸ ಹೋಗೋಕೆ ಬೀಸಿಸುವ ಮುಂಚೆ ಕಾಳನ್ನೇ ಕೇರಿ, ಜಾಲಿಸಿ ಒಣಗಿಸಿ. ಹಿಟ್ಟಿಗೆ ಜರಡಿ ಬೇಡ.

ಕೊಳ್ಳೋರು ಹಿಟ್ಟಿನ ಬದಲು ಕಾಳು ತಗೊಳ್ಳೋದು ಮೇಲು. ರಾಗಿ ಕಾಳು ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಹುಳು ಹಿಡಿಯದೆ ಕೂರುತ್ತೆ, ನಮ್ಮ ಕಡೆ ಹಗೇವಿನಲ್ಲಿ (ನೆಲದೊಳಗಿನ ಕಣಜ) ಇಡುತ್ತಿದ್ದದ್ದು ಆ ಧೈರ್ಯದ ಮೇಲೆ. ಹಿಟ್ಟಾದ ಮೇಲೆ ಆ ಗುಣ ಇರಲ್ಲ. ಒಂದು ತಿಂಗಳು ಕಳೆದ ಮೇಲೆ ಕಮಟು ವಾಸನೆ, ಕಹಿ ಶುರುವಾಗುತ್ತೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ಒಂದು ಸಲಕ್ಕೆ 4-5 ಕೆಜಿಗಿಂತ ಹೆಚ್ಚು ಬೀಸಿಸಬೇಡಿ, ಗಿರಣಿಯಿಂದ ತಂದ ಬಿಸಿ ಹಿಟ್ಟನ್ನು ಹರಡಿ ಆರಿಸದೆ ಡಬ್ಬಕ್ಕೆ ತುಂಬಬೇಡಿ. ಒಳಗೆ ಬೆವರು ಕಟ್ಟಿ ಗಂಟಾಗಿ ಅಲ್ಲಿಂದಲೇ ಬೂಸ್ಟು ಹಿಡಿಯುತ್ತೆ.

ರಸ್ತೆ ಮೇಲೆ ಒಕ್ಕಣೆ ಮಾಡಿದ ರಾಗಿಯಲ್ಲಿ ಸಣ್ಣ ಕಲ್ಲು, ಡಾಂಬರಿನ ಚೂರು ಇರುತ್ತೆ. ಕಣದಲ್ಲಿ ಮಾಡಿದ್ದೋ ರಸ್ತೆಯಲ್ಲಿ ಮಾಡಿದ್ದೋ ಅಂತ ಕೇಳಿ, ಕಲ್ಲು ತೆಗೆಯುವ ಮಿಷನ್ನಿಗೆ ಹಾಕಿಸಿದ್ದಾರಾ ಅಂತಲೂ ಕೇಳಿ. ಇನ್ನೊಂದು ವಿಷಯ ರೈತ ಮಿತ್ರರಿಗೆ: ಜಿಪಿಯು-28, ಎಂಎಲ್-365 ಥರದ ಸಂಶೋಧನೆಯಿಂದ ಬಂದ ಸುಧಾರಿತ ತಳಿ ಬೆಳೆದು "ನಾಟಿ ರಾಗಿ" ಅಂತ ಬೋರ್ಡ್ ಹಾಕಬೇಡಿ. ಅವು ಒಳ್ಳೆ ತಳಿಗಳೇ. ಇದ್ದ ಹೆಸರನ್ನೇ ಬರೆಯಿರಿ.

ಗ್ರಾಹಕಿ, ಎಸ್‌ಐಟಿ ಬಡಾವಣೆ

ಮೇಡಂ, ಶುಗರ್ ಇರುವವರು ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ತಿಂದರೂ ಊಟದ ನಂತರದ ಶುಗರ್ ಇಳಿಯೋದಿಲ್ಲ, ಯಾಕೆ? ಹಾಗಾದರೆ ಮುದ್ದೆ ಬದಲು ಏನು ಮಾಡೋದು?

ಆಹಾರತಜ್ಞೆ, ತುಮಕೂರು

ಮುದ್ದೆ ಬಿಡಬೇಕಾಗಿಲ್ಲ. ಗಾತ್ರ ನೋಡಬೇಕು. 80 ಗ್ರಾಂ ಹಿಟ್ಟಿಗೆ ಅದರ ಎರಡರಷ್ಟು ನೀರು ಹಾಕಿದರೆ ಒಂದು ಮಧ್ಯಮ ಮುದ್ದೆ. ಅದರಲ್ಲಿ ಕಾರ್ಬೋಹೈಡ್ರೇಟ್ 53 ಗ್ರಾಂ, ನಾರು 9 ಗ್ರಾಂ, ಕ್ಯಾಲ್ಸಿಯಂ 290 ಮಿಲಿಗ್ರಾಂ, ಅಂದರೆ ವಯಸ್ಕರಿಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಹೋಟೆಲ್ ಗಾತ್ರದ ಮುದ್ದೆ, ಮೇಲೆ ಅರ್ಧ ಮುದ್ದೆ, ಕೊನೆಗೆ "ಒಂದು ತುತ್ತು" ಅನ್ನ ಅಂತ ಹೋದರೆ ಒಂದೇ ಊಟಕ್ಕೆ ಕಾರ್ಬೋಹೈಡ್ರೇಟ್ 120 ಗ್ರಾಂ ದಾಟುತ್ತೆ. ಅದು ರಾಗಿಯಿಂದ ಬಂದರೂ ಅಕ್ಕಿಯಿಂದ ಬಂದರೂ ರಕ್ತದಲ್ಲಿ ಗ್ಲೂಕೋಸ್ ಆಗಿಯೇ ಆಗುತ್ತೆ.

ಎರಡನೇ ಕಾರಣ, ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಹಿಟ್ಟು ಮೊದಲೇ ನುಣ್ಣಗೆ ಬೀಸಿದ್ದು, ಚೆನ್ನಾಗಿ ಬೆಂದದ್ದು. ಜೀರ್ಣವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಅದನ್ನು ನಿಧಾನ ಮಾಡೋದು ಜೊತೆಗಿರುವ ಕಾಳು, ಸೊಪ್ಪು, ಮೊಟ್ಟೆ. ಇಲ್ಲೇ ಬಹಳ ಮನೆಗಳಲ್ಲಿ ತಪ್ಪುತ್ತೆ: ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಬದಿಗಿಟ್ಟು ಬರೀ ತಿಳಿಸಾರಲ್ಲಿ ಮುದ್ದೆ ಮುಗಿಸುತ್ತಾರೆ. ಒಣ ಹುರುಳಿಯಲ್ಲಿ 100 ಗ್ರಾಂಗೆ 21 ಗ್ರಾಂ ಮೇಲ್ಪಟ್ಟು ಪ್ರೋಟೀನ್ ಇದೆ, ಅದು ಉಳಿಯೋದು ಬಹುಪಾಲು ಕಾಳಿನಲ್ಲೇ. ಒಬ್ಬರಿಗೆ 30 ಗ್ರಾಂ ಒಣ ಹುರುಳಿ ಲೆಕ್ಕ ಹಿಡಿದು, ಕಟ್ಟನ್ನು ಸಾರಿಗೆ, ಕಾಳನ್ನು ಉಸಲಿ ಅಥವಾ ಪಲ್ಯಕ್ಕೆ ಹಾಕಿ ಎರಡನ್ನೂ ತಿನ್ನಬೇಕು. ತಟ್ಟೆಯಲ್ಲಿ ಒಂದೇ ಮುದ್ದೆ, ಅದರಷ್ಟೇ ಗಾತ್ರದ ಸೊಪ್ಪಿನ ಪಲ್ಯ, ಒಂದು ಬಟ್ಟಲು ಕಾಳು.

ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ನೋಡಿ ಬರೆದಿಡಿ. ಒಂದು ದಿನ ಅನ್ನ, ಒಂದು ದಿನ ಮುದ್ದೆ, ಒಂದು ದಿನ ಚಿಕ್ಕ ಮುದ್ದೆ ಜೊತೆ ಕಾಳು. ಆ ಅಂಕಿ ಹಿಡಿದು ಬಂದವರಿಗೆ ನಮ್ಮಿಂದ ಸರಿಯಾದ ಸಲಹೆ ಕೊಡಲು ಆಗುತ್ತೆ. ಔಷಧಿ ಅಥವಾ ಇನ್ಸುಲಿನ್ ತಗೊಳ್ಳುವವರು ಒಮ್ಮೆಗೇ ಊಟ ಅರ್ಧ ಮಾಡಬಾರದು, ಶುಗರ್ ತೀರಾ ಕುಸಿಯಬಹುದು. ಮೊದಲು ವೈದ್ಯರನ್ನು ಕೇಳಿ.

ಕಡಲೆಕಾಯಿ, ಪಾವಗಡ

ಎಲ್ಲರೂ ಔಷಧಿ ಹೊಡೆದಿದ್ದೀರಾ ಅಂತಲೇ ಕೇಳ್ತಾರೆ. ಕಡಲೆಕಾಯಿಯಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೂಸ್ಟಿನ ವಿಷಯ. ಅದರ ಬಗ್ಗೆ ಬೋರ್ಡ್ ಹಾಕಿ ಅಂತ ನನ್ನ ಒತ್ತಾಯ.

ಕಾಯಿ ಬಲಿಯೋ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಬಿಸಿಯಾದರೆ, ಗೆದ್ದಲು ಗೊಣ್ಣೆಹುಳು ಕಾಯಿ ಕಚ್ಚಿದರೆ, ಹಸಿರು ಹಳದಿ ಬೂಸ್ಟು ನೆಲದಲ್ಲಿದ್ದಾಗಲೇ ಒಳಗೆ ಸೇರುತ್ತೆ. ಅದು ಬಿಡೋ ವಿಷ ಅಫ್ಲಾಟಾಕ್ಸಿನ್, ಈಲಿಗೆ ಕೆಟ್ಟದ್ದು. ಕಿತ್ತ ಮೇಲೆ ನಮ್ಮ ಕೈಯಲ್ಲಿರೋದು ಒಣಗಿಸೋ ಕೆಲಸ. ಬಳ್ಳಿಯನ್ನು ಕಾಯಿ ಮೇಲೆ ಬರೋ ಹಾಗೆ ತಿರುವಿ ಒಣಹಾಕಬೇಕು, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ತೇವಾಂಶ ಶೇಕಡಾ 8ಕ್ಕೆ ಇಳೀಬೇಕು. ಚೀಲವನ್ನು ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆ ಮೇಲೆ ಇಡಬೇಕು.

ದೊಡ್ಡ ತಪ್ಪು ನಡೆಯೋದು ಸುಲಿಯುವಾಗ. ಮಿಷನ್ನಲ್ಲಿ ಬೀಜ ಒಡೆಯಬಾರದು ಅಂತ ಸುಲಿಯೋ ಮುಂಚೆ ಕಾಯಿಗೆ ನೀರು ಚಿಮುಕಿಸ್ತಾರೆ. ಒಣಗಿಸಿದ ಶ್ರಮವೆಲ್ಲ ಅಲ್ಲಿಗೆ ನೀರುಪಾಲು. ಒದ್ದೆ ಬೀಜ ಚೀಲದಲ್ಲಿ ಕೂತರೆ ಬೂಸ್ಟು ಬಂದೇ ಬರುತ್ತೆ. ಸಂತೆಗೆ ತರೋರು ಸಿಪ್ಪೆ ಸಮೇತ ತನ್ನಿ, ಇಲ್ಲಾ ಒಣಗಲೇ ಸುಲಿಸಿ. ಒಂದಷ್ಟು ಒಡೆದ ಬೇಳೆ ಬರಲಿ, ನಷ್ಟ ಇಲ್ಲ.

ಕೊಳ್ಳೋರಿಗೆ: ಸುಕ್ಕಿದ್ದು, ಕಪ್ಪಾಗಿದ್ದು, ಪುಡಿ ಹಿಡಿದಿದ್ದು ಆರಿಸಿ ಎಸೆಯಿರಿ. "ಹುರಿದರೆ ಹೋಗುತ್ತೆ" ಅನ್ನಬೇಡಿ, ಈ ವಿಷ ಹುರಿದರೆ ಪೂರ್ತಿ ಹೋಗಲ್ಲ. ಆರಿಸಿ ತೆಗೆದದ್ದನ್ನು ಹಸುವಿಗೂ ಹಾಕಬೇಡಿ.

ಗೃಹವಿಜ್ಞಾನ ತಜ್ಞೆ, ಕೋಲಾರ

ಪಾವಗಡದ ಅಣ್ಣ ಹೇಳಿದ ಕೊನೆಯ ಮಾತಿಗೆ ಕಾರಣ ಸೇರಿಸುತ್ತೇನೆ. ಬೂಸ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅದೇ ವಿಷ ಇನ್ನೊಂದು ರೂಪದಲ್ಲಿ ಬರುತ್ತದೆ. ಹಾಲಿನಲ್ಲಿ ಅದು ಕೆಜಿಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂದು ನಿಯಮವಿದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ.

ಗಾಣದ ಎಣ್ಣೆ ಮಾರುವವರೂ ಇದನ್ನು ಗಮನಿಸಿ. ಬೀಜದ ವಿಷ ಬಹುಪಾಲು ಹಿಂಡಿಗೆ ಹೋಗುತ್ತದೆ, ಒಂದಿಷ್ಟು ಎಣ್ಣೆಗೂ ಬರುತ್ತದೆ. ಕಾರ್ಖಾನೆಯ ಶುದ್ಧೀಕರಣದಲ್ಲಿ ಅದು ಕಳೆಯುತ್ತದೆ, ಗಾಣದ ಎಣ್ಣೆಗೆ ಆ ಹಂತವೇ ಇಲ್ಲ. ಹಾಗಾಗಿ ಗಾಣದ ಎಣ್ಣೆಯ ಸುರಕ್ಷತೆ ಪೂರ್ತಿ ನಿಂತಿರುವುದು ಬೀಜ ಆರಿಸಿದ ಕೈಯ ಮೇಲೆ. "ಗಾಣದ್ದು, ಆದ್ದರಿಂದ ಒಳ್ಳೆಯದು" ಎನ್ನುವ ಬದಲು "ಬೀಜ ಕೈಯಲ್ಲಿ ಆರಿಸಿ ಆಡಿಸಿದ್ದು, ಆಡಿಸಿದ ತಾರೀಖು ಇಂಥದ್ದು" ಎಂದು ಬರೆಯಿರಿ. ಯಾವ ಎಣ್ಣೆಯಾದರೂ ಒಂದು ಗ್ರಾಂಗೆ 9 ಕ್ಯಾಲೊರಿಯೇ. ಗಾಣದ್ದೆಂದು ಹೆಚ್ಚು ಸುರಿಯುವುದು ಬೇಡ.

ಸಾಮೆ-ನವಣೆ, ಮಧುಗಿರಿ

ಪಾಲಿಶ್ ಪ್ರಶ್ನೆಗೆ ಬರ್ತೀನಿ. ರಾಗಿಗೆ ಹೊಟ್ಟು ಬಿಡಿಸೋ ಕೆಲಸ ಇಲ್ಲ, ಸಾಮೆ ನವಣೆಗೆ ಇದೆ. ಹೊಟ್ಟು ಬಿಡಿಸಿದ ಮೇಲೆ ಇನ್ನೊಂದು ಸುತ್ತು ಉಜ್ಜಿದರೆ ತೌಡು ಹೋಗಿ ಅಕ್ಕಿ ಬೆಳ್ಳಗೆ ಹೊಳೆಯುತ್ತೆ, ನಾರೂ ಅದರ ಜೊತೆ ಹೋಗುತ್ತೆ. ಪಾಲಿಶ್ ಇಲ್ಲದ ಸಾಮೆ ಅಕ್ಕಿ ಮಾಸಲು ಬಣ್ಣ, ಅಲ್ಲೊಂದು ಇಲ್ಲೊಂದು ಹೊಟ್ಟಿನ ಕಾಳು ಸಿಗುತ್ತೆ. ತೌಡಿನಲ್ಲಿ ಎಣ್ಣೆ ಇರೋದರಿಂದ ಎರಡು ಮೂರು ತಿಂಗಳಿಗೆ ಕಮಟಾಗುತ್ತೆ. ವರ್ಷ ಇಟ್ಟರೂ ಏನೂ ಆಗದ, ಮುತ್ತಿನ ಹಾಗೆ ಹೊಳೆಯೋ ಸಾಮೆಗೆ "ಪಾಲಿಶ್ ಮಾಡದ್ದು" ಅನ್ನೋ ಚೀಟಿ ಅಂಟಿಸಿದ್ದರೆ ನಂಬಬೇಡಿ. ಮಾರುವವರು ಎರಡೂ ಥರದ್ದು ಬೊಗಸೆ ಬೊಗಸೆ ಪಕ್ಕ ಪಕ್ಕ ಇಟ್ಟು ತೋರಿಸಿದರೆ ಸಾಕು, ಭಾಷಣ ಬೇಕಿಲ್ಲ.

ಟೊಮೆಟೊ, ಮುಳಬಾಗಿಲು

ಔಷಧಿಯ ಪ್ರಶ್ನೆಗೆ ಸುಳ್ಳು ಹೇಳಬೇಡಿ. ಟೊಮೆಟೊಗೆ ಊಜಿ, ಅಂಗಮಾರಿ, ಕಾಯಿಕೊರಕ ಬರುತ್ತೆ, ಹೊಡೆಯದೆ ಬೆಳೆದವರು ಕಡಿಮೆ. ಹೊಡೆದೆವಾ ಅನ್ನೋದಕ್ಕಿಂತ ಯಾವತ್ತು ಹೊಡೆದೆವು ಅನ್ನೋದು ಮುಖ್ಯ. ಪ್ರತಿ ಔಷಧಿಯ ಜೊತೆ ಬರೋ ಚೀಟಿಯಲ್ಲಿ ಕೊನೆಯ ಸಿಂಪಡಣೆಯಿಂದ ಕುಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಬೆಳೆವಾರು ಬರೆದಿರುತ್ತೆ. ಎರಡು ಔಷಧಿ ಬೆರೆಸಿ ಹೊಡೆದಿದ್ದರೆ ಹೆಚ್ಚು ದಿನ ಇರೋದನ್ನೇ ಲೆಕ್ಕಕ್ಕೆ ಹಿಡೀಬೇಕು. ರೇಟು ಏರಿದ ದಿನ ಅವಧಿ ಮುಗಿಯದೆ ಕಿತ್ತು ಕ್ರೇಟು ತುಂಬೋದು, ಅದೇ ತಪ್ಪು. ಸಂತೆಗೆ ತರೋ ಸಾಲನ್ನು ಬೇರೆ ಗುರುತು ಹಾಕಿ, ಸಿಂಪಡಣೆ ತಾರೀಖು ಪುಸ್ತಕದಲ್ಲಿ ಬರೆದಿಡಿ, ಕೇಳಿದವರಿಗೆ ತೋರಿಸಿ.

ತೊಳೆಯುವಾಗ ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಮೇಲೆ ಕೂತದ್ದು ಒಂದಷ್ಟು ಹೋಗುತ್ತೆ. ಗಿಡದೊಳಗೆ ಹರಿಯೋ ಔಷಧಿ ಯಾವ ಉಪ್ಪಿಗೂ ಯಾವ ಪುಡಿಗೂ ಬರಲ್ಲ, ಅದಕ್ಕೆ ಕಾಯುವ ದಿನ ಒಂದೇ ದಾರಿ. ಸೋಪು ಮಾತ್ರ ಮುಟ್ಟಿಸಬೇಡಿ. ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಮೇಲಿನ ತೆಳು ಬಿಳಿ ಪುಡಿಯನ್ನು ಔಷಧಿ ಅಂತ ಹೆದರೋರು ಬಹಳ. ಹಣ್ಣಿನ ಮೇಲೆಲ್ಲ ಒಂದೇ ಸಮ ಇರೋ ಆ ಪುಡಿ ಹಣ್ಣೇ ಬಿಡೋ ಮೇಣ.

ಗ್ರಾಹಕಿ, ಎಸ್‌ಐಟಿ ಬಡಾವಣೆ

ಹಾಗಾದರೆ ಸಾವಯವ ಅಂತ ಬರೆದದ್ದರಲ್ಲಿ ಸತ್ವ ಜಾಸ್ತಿ ಅಲ್ಲವಾ? ಮತ್ತೆ ಸೊಪ್ಪನ್ನು ಹೇಗೆ ಬೇಯಿಸಬೇಕು ಅಂತಲೂ ಹೇಳಿ. ಹಿಮೋಗ್ಲೋಬಿನ್ ಕಡಿಮೆ ಇದೆ ಅಂದಕೂಡಲೇ ಎಲ್ಲರೂ ಸೊಪ್ಪು ತಿನ್ನಿ ಅಂತಾರೆ.

ಆಹಾರತಜ್ಞೆ, ತುಮಕೂರು

ಸಾವಯವ ಎಂಬುದು ಬೆಳೆದ ರೀತಿಯ ಬಗೆಗಿನ ಪ್ರಮಾಣ. ಕ್ಯಾಲ್ಸಿಯಂ, ನಾರು ಹೆಚ್ಚಿದೆ ಎಂಬುದರ ಪ್ರಮಾಣ ಅಲ್ಲ. ಮಣ್ಣಿಗೆ, ಔಷಧಿ ಶೇಷಕ್ಕೆ ಸಂಬಂಧಿಸಿ ಅದಕ್ಕೆ ಬೆಲೆ ಇದೆ. ಆದರೆ ಸಾವಯವ ಬೆಲ್ಲವೂ ದೇಹಕ್ಕೆ ಸಕ್ಕರೆಯೇ.

ಸೊಪ್ಪಿನ ಬಗ್ಗೆ. 100 ಗ್ರಾಂ ಹಸಿ ದಂಟಿನ ಸೊಪ್ಪಿನಲ್ಲಿ, ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು. ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕು ಅಂತ ಹೇಳಿರೋದು 29 ಮಿಲಿಗ್ರಾಂ. ಜೊತೆಗೆ ಸೊಪ್ಪಿನ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ಸ್ವಲ್ಪ ಭಾಗ ಮಾತ್ರ. ರಕ್ತಹೀನತೆ ಇರುವವರಿಗೆ ವೈದ್ಯರು ಬರೆದ ಮಾತ್ರೆಯನ್ನು "ಸೊಪ್ಪು ತಿಂತೀನಲ್ಲ" ಅಂತ ಬಿಡಬೇಡಿ ಎಂದು ಸ್ಪಷ್ಟವಾಗಿ ಹೇಳಬೇಕು. ಹೀರಿಕೊಳ್ಳೋದನ್ನು ಹೆಚ್ಚಿಸೋಕೆ ವಿಟಮಿನ್ ಸಿ ಬೇಕು: ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆ, ಅಥವಾ ಊಟದ ಜೊತೆ ನೆಲ್ಲಿಕಾಯಿ, ಸೀಬೆಹಣ್ಣು. ಹುಣಸೆಹಣ್ಣು ಹುಳಿಯಿದ್ದರೂ ವಿಟಮಿನ್ ಸಿ ಅದರಲ್ಲಿ ಅತ್ಯಲ್ಪ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಬಂದ ಕಬ್ಬಿಣವೂ ತಡೆದುಹೋಗುತ್ತೆ, ಒಂದು ಗಂಟೆ ಅಂತರ ಇರಲಿ.

ಅಡುಗೆಯಲ್ಲಿ ನಮ್ಮ ಬಸ್ಸಾರು ಒಳ್ಳೆಯ ಪದ್ಧತಿ, ಬಸಿದ ನೀರೇ ಸಾರಾಗುತ್ತೆ, ನೀರಿಗೆ ಇಳಿದ ಸತ್ವ ಚರಂಡಿಗೆ ಹೋಗಲ್ಲ. ತೊಳೆದ ಮೇಲೆ ಹೆಚ್ಚಿ, ಹೆಚ್ಚಿ ತೊಳೆಯಬೇಡಿ. ಅಗಲ ಪಾತ್ರೆಯ ನೀರಲ್ಲಿ ಮುಳುಗಿಸಿ ಸೊಪ್ಪನ್ನು ಮೇಲೆತ್ತಿ ತೆಗೆಯಿರಿ, ಮಣ್ಣು ತಳದಲ್ಲಿ ಉಳಿಯುತ್ತೆ. ನೀರು ಬದಲಿಸಿ ಮೂರು ಸಲ. ಬೆರಕೆ ಸೊಪ್ಪು ತರುವವರು ರಸ್ತೆ ಬದಿ, ಔಷಧಿ ಹೊಡೆದ ಬದು ಬಿಟ್ಟು ಕಿತ್ತು ತನ್ನಿ.

ಒಂದು ಎಚ್ಚರಿಕೆ. ಕಿಡ್ನಿ ಕಾಯಿಲೆ ಇರುವವರಿಗೆ ಸೊಪ್ಪು, ಎಳನೀರು, ಕಾಳು ಒಳ್ಳೆಯದು ಅಂತ ಯಾರೂ ಹೇಳಕೂಡದು. ಇವುಗಳಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೆ ಅಪಾಯ. ಕಲ್ಲಿನ ತೊಂದರೆ ಇರುವವರಿಗೆ ದಂಟು, ಪಾಲಕ್, ಗೋಣಿಸೊಪ್ಪಿನಲ್ಲಿರುವ, ಕಲ್ಲು ಕಟ್ಟಿಸುವ ಆಕ್ಸಲೇಟ್ ಕೂಡ ಲೆಕ್ಕಕ್ಕೆ ಬರುತ್ತೆ. "ಕಿಡ್ನಿ ತೊಂದರೆ ಇದೆ" ಅಂತ ಕೇಳಿಸಿದ ಕ್ಷಣ ರೈತರು ಅವರನ್ನು ನಮ್ಮ ಮೇಜಿಗೆ ಕಳಿಸಲಿ.

ಗೃಹವಿಜ್ಞಾನ ತಜ್ಞೆ, ಕೋಲಾರ

ಮಗುವಿನ ಪ್ರಶ್ನೆ ಉಳಿದಿತ್ತು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ನಂತರ ರಾಗಿ ಕೊಡಬಹುದು, ಮೊಳಕೆ ಕಟ್ಟಿದ್ದಾದರೆ ಇನ್ನೂ ಮೇಲು. ಒಂದು ಕೆಜಿ ರಾಗಿಯನ್ನು ನಾಲ್ಕು ನೀರಿನಲ್ಲಿ ತೊಳೆದು 10-12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಪೂರ್ತಿ ಬಸಿದು ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬೇಸಿಗೆಯಲ್ಲಿ 24 ಗಂಟೆ, ಚಳಿಯಲ್ಲಿ 36 ಗಂಟೆ. ತಳದಲ್ಲಿ ನೀರು ನಿಂತರೆ ಹುಳಿ ವಾಸನೆ, ಲೋಳೆ ಬರುತ್ತದೆ, ಅಂಥದ್ದನ್ನು ತೊಳೆದು ಬಳಸದೆ ಎಸೆಯಬೇಕು. ಮೊಳಕೆ ಅರ್ಧ ಸೆಂಟಿಮೀಟರ್ ಬಂದಾಗ ತೆಳ್ಳಗೆ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಕೇರಿ, ಘಮ ಬರುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಹುರಿದು ಬೀಸಿ.

ಹೆಚ್ಚು ಹುರಿದರೆ ಮೊಳಕೆಯ ಕಿಣ್ವ ಸಾಯುತ್ತದೆ, ಮೊಳಕೆ ಕಟ್ಟಿದ ಲಾಭದಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಆ ಕಿಣ್ವ ಗಂಜಿಯನ್ನು ತೆಳುವಾಗಿಸುತ್ತದೆ, ಹಾಗಾಗಿ ಅದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಹಿಟ್ಟು ಹಾಕಲು ಸಾಧ್ಯ. ಸಾದಾ ಹಿಟ್ಟಿನ ಗಂಜಿ ಗಟ್ಟಿಯಾಯಿತೆಂದು ತಾಯಂದಿರು ನೀರು ಸುರಿಯುತ್ತಾರೆ, ಮಗುವಿನ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಚಮಚ ವಾಲಿಸಿದರೆ ಗಂಜಿ ಸುರಿದುಹೋಗದೆ ಅದರಲ್ಲೇ ನಿಲ್ಲಬೇಕು. ವರ್ಷದೊಳಗಿನ ಮಗುವಿಗೆ ಉಪ್ಪು, ಸಕ್ಕರೆ, ಜೇನು ಬೇಡ. ಅರ್ಧ ಚಮಚ ತುಪ್ಪ, ಕಾಲು ಭಾಗ ಹೆಸರುಬೇಳೆ ಸೇರಿಸಿ.

ಸಾಮೆ-ನವಣೆ, ಮಧುಗಿರಿ

ಬೋರ್ಡಿನ ವಿಷಯ. ಬೆಳೆದ ಕಾಳು, ಸೊಪ್ಪು ಹಾಗೇ ಮಾರೋ ರೈತನಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಡ. ಹುರಿಹಿಟ್ಟು, ಮೊಳಕೆ ಹಿಟ್ಟು ಮಾಡಿ ಪೊಟ್ಟಣ ಕಟ್ಟಿದರೆ ಬೇಕು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೆ ಅಂತ ಜಾಹೀರಾತು ಹಾಕೋದು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ ಪ್ರಕಾರ ಅಪರಾಧ, ಕೈಬರಹದ ಬೋರ್ಡಾದರೂ ಅಷ್ಟೇ ಅಂತ ತಿಳಿದು ನಡೆಯೋದು ಒಳ್ಳೇದು. "ನಾರು ಹೆಚ್ಚು" ಅಂತ ಪೊಟ್ಟಣದ ಮೇಲೆ ಬರೆಯಬೇಕಾದರೆ 100 ಗ್ರಾಂಗೆ 6 ಗ್ರಾಂ ಆದರೂ ಇರಬೇಕು.

ಅಂಗಡಿಯ ರಾಗಿ ಬಿಸ್ಕತ್ತು ಓದೋದನ್ನೂ ಹೇಳಿಕೊಡಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರೋದು ಮೊದಲು ಬರುತ್ತೆ. ಮೈದಾ, ಸಕ್ಕರೆ, ಎಣ್ಣೆ ಆದ ಮೇಲೆ ರಾಗಿ ಬಂದಿದ್ದರೆ ಅದು ಮೈದಾ ಬಿಸ್ಕತ್ತು. ಹೆಸರಲ್ಲಿ ರಾಗಿ ಇದ್ದರೆ ಶೇಕಡಾ ಎಷ್ಟು ಅಂತಲೂ ಬರೆದಿರಬೇಕು, ಬೆರಳಿಟ್ಟು ತೋರಿಸಿ.

ಸಂತೆ ಉಸ್ತುವಾರಿ, ತುಮಕೂರು

ಮೇಜಿನ ಮೇಲೆ ಏನು ಇಡಬೇಕು ಮೇಡಂ? ಪೋಸ್ಟರ್ ಮಾಡಿಸಲಾ?

ಆಹಾರತಜ್ಞೆ, ತುಮಕೂರು

ಪೋಸ್ಟರ್ ಬೇಡ ಸರ್, ಒಂದು ತಕ್ಕಡಿ ಮತ್ತು ಮೊರ ಸಾಕು. 2024ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿ ಊಟಕ್ಕೆ ಹೇಳಿರುವ ಒಂದು ದಿನದ ಅಳತೆಯನ್ನು ಸಂತೆಯ ಮಾಲಿನಲ್ಲೇ ತೂಗಿ ಮೊರದಲ್ಲಿಡಿ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಕಡಲೆಬೀಜದಂಥವು 35 ಗ್ರಾಂ, ಎಣ್ಣೆ 27 ಗ್ರಾಂ, ಹಾಲು 300 ಮಿಲಿಲೀಟರ್. ಧಾನ್ಯದ ಗುಡ್ಡೆ ಎಷ್ಟು ಚಿಕ್ಕದು, ಸೊಪ್ಪು ತರಕಾರಿಯ ಗುಡ್ಡೆ ಎಷ್ಟು ದೊಡ್ಡದು ಅಂತ ಕಣ್ಣಿಗೇ ಕಾಣಬೇಕು. ಎಲ್ಲ ಒಣ, ಹಸಿ ತೂಕ, ಬೇಯಿಸಿದ್ದಲ್ಲ ಅಂತ ಚೀಟಿ ಹಾಕಿ, ಇಲ್ಲದಿದ್ದರೆ 250 ಗ್ರಾಂ ಅಂದರೆ ಒಂದು ಮುದ್ದೆ ಅಂತ ತಿಳಿಯುತ್ತಾರೆ.

ಬಂದವರನ್ನು ಮೊದಲು ಮೂರು ಕೇಳಿ: ಯಾರಿಗಾಗಿ, ಏನು ಕಾಯಿಲೆ, ಯಾವ ಔಷಧಿ. ಹತ್ತು ನಿಮಿಷದಲ್ಲಿ ಮುಗಿಯದ ಪ್ರಶ್ನೆ ಬಂದರೆ ಆಸ್ಪತ್ರೆಯ ಆಹಾರತಜ್ಞರ ಬಳಿ ಕಳಿಸಿ, ಮೇಜಿನ ಮೇಲೆ ಡಯಟ್ ಚಾರ್ಟ್ ಬರೆದುಕೊಡಬೇಡಿ. ಮೇಜಿಗೆ ಕೂರಿಸುವವರ ಪದವಿ ಪ್ರಮಾಣಪತ್ರವನ್ನೂ ನೋಡಿ. ಪುಡಿ ಡಬ್ಬ ಮಾರುವವರು "ನ್ಯೂಟ್ರಿಷನ್ ಕೋಚ್" ಅಂತ ಬಂದು ಕೂರುತ್ತಾರೆ, ಅಂಥವರಿಗೆ ಜಾಗ ಕೊಡಬೇಡಿ.

ರಾಗಿ ಹೊಲ, ಚಿಕ್ಕನಾಯಕನಹಳ್ಳಿ

ಹಿಟ್ಟು ತರೋರು ಪೊಟ್ಟಣದ ಮೇಲೆ ಬೀಸಿಸಿದ ತಾರೀಖು, ಜರಡಿ ಹಿಡಿದಿಲ್ಲ ಅನ್ನೋದು, ರಾಗಿ ಯಾವ ವರ್ಷದ್ದು, ಈ ಮೂರೂ ಬರೆಯಲಿ. ತಕ್ಕಡಿ ಪಕ್ಕ 80 ಗ್ರಾಂ ಹಿಡಿಯೋ ಒಂದು ಲೋಟಕ್ಕೆ ಗೆರೆ ಎಳೆದು ಇಡಿ. ಮನೆಗೆ ಹೋದ ಮೇಲೆ ಅವರ ಲೋಟಕ್ಕೂ ಅದೇ ಗೆರೆ ಹಾಕ್ಕೋಬಹುದು.